ದೀಪದ ಕುಲಾವಿ

ಹೊಸ ಅರಿವೆಯಲ್ಲಿ ವೀರಪ್ಪನಿಗೆ ಬೇಕಾದ ಕೆಂಪು ಸಿಗಲಿಲ್ಲ.

ಗೋಕಾಕದ ಪೇಟೆಯ ಅಂಗಡಿಗಳನ್ನೆಲ್ಲ ಹತ್ತಿ ಇಳಿದಿದ್ದ. ಗಿರಣಿಯ ಅರಿವೆಯ ಕೆಂಪು ಕಣ್ಣಿಗೆ ಹೊಡೆಯುತ್ತಿತ್ತು. ಕಂದೀಲಿನ ಮುಂದೆ ಹಿಡಿದರೆ ನಾಟಕ ಕಂಪನಿಯ ಪರದೆಯಂತೆ ಉರಿಯುತ್ತಿತ್ತು. ಅವನಿಗೆ ಬೇಕಾದದ್ದು ವರ್ಷಗಟ್ಟಲೆ ಯಾರದೋ ಮೈಮೇಲಿದ್ದು, ಹೊಳೆಯ ಕಲ್ಲಿಗೆ ಬಡಿಸಿಕೊಂಡು, ಬಿಸಿಲಿಗೆ ಸೋತು, ಆದರೂ ಕೆಂಪಾಗಿಯೇ ಉಳಿದಂಥ ಕೆಂಪು.

ಅವನು ಸಿಂಪಿಗರ ಮನೆಯವನು. ಅಪ್ಪ ಅಂಗಿ, ಕುಬಸ ಹೊಲಿದು ಮನೆ ನಡೆಸಿದ್ದ. ವೀರಪ್ಪ ಬೆಳಗಾವಿಯ ಕ್ಯಾಂಪಿನಲ್ಲಿ ದರ್ಜಿಯೊಬ್ಬನ ಕೈಕೆಳಗೆ ಕಲಿತು, ಸಾಹೇಬರ ಬಂಗಲೆಗಳ ಕುರ್ಚಿಯ ಗವಸು, ಕಿಟಕಿಯ ಪರದೆ, ದೀಪದ ಮುಸುಕುಗಳನ್ನು ನೋಡಿ, ಅಪ್ಪ ತೀರಿಕೊಂಡ ಮೇಲೆ ಒಂದು ಹೊಲಿಗೆ ಮಷೀನಿನೊಂದಿಗೆ ಊರಿಗೆ ಮರಳಿದ್ದ. ಬಂದವನಿಗೆ ಹೊಳೆದದ್ದು ಒಂದೇ: ಈ ಸೀಮೆಯ ಹೆಂಗಸರು ಕೌದಿಗೆಂದು ಹರಿದು ಹಾಕುವ ಇಳಕಲ್ಲ ಸೀರೆ, ಖಣದ ಕುಬಸಗಳಲ್ಲಿ ಇರುವ ಬಣ್ಣ ಯಾವ ಸಾಹೇಬನ ಮನೆಯಲ್ಲೂ ಇಲ್ಲ. ಅವನ್ನು ಕತ್ತರಿಸಿ ಹೊಸ ನಮೂನೆಯ ದಿಂಬು, ಕೈಚೀಲ, ಬಾಗಿಲ ಪರದೆ ಹೊಲಿದರೆ ಹೇಗೆ?

ಕಲ್ಲೋಳಿ, ಮೂಡಲಗಿಯ ಓಣಿಗಳಲ್ಲಿ ಅವನು ಕೂಗಿಕೊಂಡು ಹೋಗುತ್ತಿದ್ದ. "ಹಳೇ ಸೀರಿ ಕೊಡ್ರವ್ವಾ, ಹೊಸಾ ಕುಬಸ ಹೊಲದ ಕೊಡ್ತೀನಿ!" ಬಂದದ್ದೆಲ್ಲ ಒಂದೇ ಗಂಟಿಗೆ ಬೀಳುತ್ತಿತ್ತು. ಯಾವುದು ಯಾರದೆಂದು ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಗಂಟಿನೊಳಗೆ ಬಿದ್ದ ಮೇಲೆ ಅದು ಬರೀ ಬಣ್ಣ.

"ಮಂದೀ ಹರಕ ತಂದು ಮಂದೀ ಮನೀಗೇ ಶೃಂಗಾರ ಮಾಡತಾನ ನನ್ನ ಮಗ," ಎನ್ನುತ್ತಿದ್ದಳು ಅವನ ತಾಯಿ ಕಾಶೆವ್ವ. "ನಾಳಿ ನಾ ಸತ್ರ ನನ್ನ ಸೀರೀನೂ ಯಾರದರ ಕುರ್ಚಿಗೆ ಹಾಕಾಂವನಽ ಇಂವಾ."

"ಒಳ್ಳೇ ಕುರ್ಚಿಗೇ ಹಾಕ್ತೀನಿ ಬಿಡಬೇ," ಎಂದು ಅವನು ನಗುತ್ತಿದ್ದ.

ಹುಕ್ಕೇರಿಯ ವಕೀಲ ಅಣ್ಣಾಸಾಹೇಬರು ತಮ್ಮ ದಿವಾಣಖಾನೆಗೆ ಪುಣೆಯಿಂದ ಎತ್ತರದ ಹಿತ್ತಾಳೆ ದೀಪ ತರಿಸಿದ್ದರು. ದಾರಿಯಲ್ಲಿ ಅದರ ಗಾಜಿನ ಮುಸುಕು ಒಡೆದಿತ್ತು. ಹಳೆಯ ಸೀರೆಗಳಿಂದಲೇ ಒಂದು ಮುಸುಕು ಮಾಡಿಕೊಡುತ್ತೇನೆಂದು ವೀರಪ್ಪ ಒಪ್ಪಿಕೊಂಡಿದ್ದ. ತಂತಿ ಬಗ್ಗಿಸಿ ಪಂಜರ ಕಟ್ಟಿದ. ಗೊಂಬೆ ಮಾಡುವ ಚಿತ್ರಗಾರರ ಮನೆಯಿಂದ ಹುಣಸೆ ಬೀಜದ ಅಂಟು ತಂದ. ಐದು ಪಕಳೆಗಳು ಮುಗಿದಿದ್ದವು: ನೀಲಿ, ಗಿಳಿಹಸಿರು, ಕಾಡಿಗೆಗಪ್ಪು. ಬಾಗಿಲಿಗೆ ಎದುರಾಗುವ ಆರನೆಯದೊಂದು ಬಾಕಿ. ಅದು ಕೆಂಪೇ ಆಗಬೇಕು. ಗಂಟಿನಲ್ಲಿದ್ದ ಕೆಂಪುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. ಒಂದು ಕಂದಿತ್ತು, ಒಂದು ಮಣ್ಣಾಗಿತ್ತು.

ಆ ವಾರವೇ ಕಾಶೆವ್ವ ತನ್ನ ತವರು ಮೂಡಲಗಿಗೆ ಹೋಗಿ ಬಂದಳು. ಬಂದವಳು ಕಾಲು ತೊಳೆಯುವ ಮೊದಲೇ ಉಡಿಯಿಂದ ಒಂದು ಸಣ್ಣ ಮಡಿಕೆ ತೆಗೆದು ಮಗಳ ಮುಂದೆ ಬಿಚ್ಚಿದಳು. ಮಗಳು ಪಾರವ್ವ, ವೀರಪ್ಪನ ಅಕ್ಕ, ದಿನ ತುಂಬಿ ಕಂಬಕ್ಕೆ ಒರಗಿ ಕೂತಿದ್ದಳು. ಮೊದಲಿನ ಎರಡು ಹೆರಿಗೆ ಗಂಡನ ಮನೆಯಲ್ಲಿ ಆಗಿದ್ದವು. ಎರಡೂ ಕೂಸು ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿದ್ದವು. ಈ ಸಲ ತವರಿಗೇ ಕರೆತಂದಿದ್ದರು.

ಮಡಿಕೆಯೊಳಗೆ ಒಣ ಅರಿಷಿಣಕೊಂಬು, ಬೇವಿನ ಎಲೆ, ಅವುಗಳ ಕೆಳಗೆ ಸೀರೆಯ ಸೆರಗಿನ ಒಂದು ತುಂಡು.

ವೀರಪ್ಪ ಮಷೀನು ಬಿಟ್ಟು ಎದ್ದು ಬಂದ. ತುಂಡಿನ ಕಡೆ ಕೈ ಚಾಚಿದ.

"ಮುಟ್ಟಬ್ಯಾಡ!" ಎಂದಳು ಕಾಶೆವ್ವ. "ಕೈ ತೊಳಕೊಂಡ ಬಾ ಮದಲ."

"ಅರಿವಿ ಅಲ್ಲೇನಬೇ ಅದು?"

"ಅರಿವಿ ಅಂತ! ನಿನ್ನ ಬಾಯಿಗೆ ಎರಡ ಹೊಲಿಗಿ ಹಾಕಬೇಕ ನೋಡು. ಯಮನವ್ವಾಯಿ ಸೆರಗ ಇದು. ಹನ್ನೊಂದ ಹಡದಾಕಿ, ಒಂದಕ್ಕೂ ಮಣ್ಣ ಕೊಡಲಿಲ್ಲ. ನಮ್ಮ ಓಣ್ಯಾಗ ಇದರ ಮ್ಯಾಲೆ ಹಿಡದ ಕೂಸು ಒಂದೂ ಕಳದಿಲ್ಲ."

ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಮುಟ್ಟಿಸುವುದಿಲ್ಲ, ಬಾಳಿ ಬದುಕಿದವರ ಹಳೆಯ ಬಟ್ಟೆಯಲ್ಲೇ ಹಿಡಿಯಬೇಕು ಎನ್ನುವುದನ್ನು ವೀರಪ್ಪ ಹುಟ್ಟಿದಾಗಿನಿಂದ ಕೇಳಿದ್ದ. ಮೂಡಲಗಿಯ ಆ ಓಣಿಯವರು ಒಂದು ಹೆಜ್ಜೆ ಮುಂದೆ ಹೋಗಿದ್ದರು. ಯಮನವ್ವ ತೀರಿಕೊಂಡು ಎಷ್ಟೋ ಕಾಲವಾಗಿದ್ದರೂ ಅವಳ ಸೀರೆ ಮನೆಯಿಂದ ಮನೆಗೆ ತಿರುಗುತ್ತಿತ್ತು. ಹರಿಯುತ್ತ ಹರಿಯುತ್ತ ಉಳಿದದ್ದು ಇಷ್ಟೇ. ಕೇಳಿದವರಿಗೆ ಇಲ್ಲವೆನ್ನುವಂತಿಲ್ಲ, ಒಯ್ದವರು ಅದನ್ನು ಬರಿದಾಗಿ ಮರಳಿಸುವಂತಿಲ್ಲ. ಜೋಳ, ಕೊಬ್ಬರಿ, ಬಳೆ ಇಟ್ಟು ಉಡಿ ತುಂಬಿಯೇ ಮುಟ್ಟಿಸಬೇಕು.

"ನನಗ ಮದಲಽ ಇದನ್ನ ತಂದ ಕೊಟ್ಟಿದ್ರ," ಎಂದಳು ಪಾರವ್ವ. ತುಂಡನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು.

ಬಾಗಿಲ ಬೆಳಕು ಅದರೊಳಗಿನಿಂದ ಹಾಯ್ದು ಅವಳ ಮುಖದ ಮೇಲೆ ಬಿತ್ತು. ವೀರಪ್ಪ ಅಕ್ಕನ ಮುಖ ನೋಡಲಿಲ್ಲ. ಆ ಕೆಂಪನ್ನು ನೋಡಿದ.

ಮುಂದಿನ ದಿನಗಳಲ್ಲಿ ಅವನು ಬೇರೆ ಕೆಲಸ ಹಿಡಿದ. ಗೌಡರ ಮನೆಯ ಅಂಗಿ ಹೊಲಿದ, ಮಷೀನಿಗೆ ಎಣ್ಣೆ ಬಿಟ್ಟ. ಆದರೆ ತಂತಿಯ ಪಂಜರ ಗೂಟದಲ್ಲಿ ತೂಗುತ್ತ ಒಂದು ಬದಿ ತೆರೆದುಕೊಂಡೇ ಇತ್ತು. ನೆಲುವಿನ ಮೇಲೆ ಗಡಿಗೆಯ ಬಾಜೂಕ್ಕೆ ಆ ಮಡಿಕೆ ಇತ್ತು. ಎರಡರ ನಡುವೆ ಕೂತು ಹೊಲಿಯುವುದು ಕಷ್ಟವಾಯಿತು.

ಒಂದು ಸಂಜೆ ತಾಯಿ ಅಕ್ಕನನ್ನು ಕರೆದುಕೊಂಡು ಬಸವಣ್ಣನ ಗುಡಿಗೆ ಹೋದಳು. ಅವರು ಓಣಿ ದಾಟುವ ತನಕ ವೀರಪ್ಪ ಮಷೀನು ತುಳಿಯುತ್ತಲೇ ಇದ್ದ. ಸೂಜಿಯ ಕೆಳಗೆ ಅರಿವೆಯೇ ಇರಲಿಲ್ಲ. ಆಮೇಲೆ ಎದ್ದು ನೆಲುವಿಗೆ ಕೈ ಹಾಕಿದ.

ನೋಡಿ ಮರಳಿ ಇಡುತ್ತೇನೆ ಎಂದುಕೊಂಡ. ಕಂದೀಲು ಹಚ್ಚಿ ಅದರ ಮುಂದೆ ಹಿಡಿದ. ಕೆಂಪು ಉರಿಯಲಿಲ್ಲ, ತೋಯ್ದಂತೆ ಹರಡಿತು. ಎಳೆ ಎಳೆ ಕಾಣುತ್ತಿತ್ತು. ಸೆರಗಿನ ಬಿಳಿ ತೆನೆಗಳು ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ನಿಂತಿದ್ದವು. ಬೆಳಗಾವಿಯಲ್ಲಿ ಕಲಿತದ್ದೆಲ್ಲ, ಗಂಟು ಹೊತ್ತು ತಿರುಗಿದ್ದೆಲ್ಲ ಇದೊಂದಕ್ಕಾಗಿ ಎನ್ನಿಸಿತು.

ಅರಿವೆಗೆ ಮಕ್ಕಳನ್ನು ಎಣಿಸಲು ಬರುವುದಿಲ್ಲ, ಎಂದು ಯೋಚಿಸಿದ. ಯಮನವ್ವನ ಗಟ್ಟಿ ಮೈ ಯಮನವ್ವನಿಗಿತ್ತು. ಅದು ಅವಳೊಂದಿಗೆ ಮಣ್ಣಿಗೆ ಹೋಯಿತು. ಅಕ್ಕನಿಗೆ ಬೇಕಾದದ್ದು ಧೈರ್ಯ. ಧೈರ್ಯ ಯಾವ ತುಂಡಿನಿಂದ ಬಂದರೂ ಧೈರ್ಯವೇ.

ಗಂಟು ಬಿಚ್ಚಿ ಅಂಥದೇ ತೆನೆಯ, ಹೆಚ್ಚುಕಡಿಮೆ ಅಂಥದೇ ಬಣ್ಣದ ಒಂದು ಸೆರಗು ಹುಡುಕಿದ. ಕೈಗೆ ತುಸು ಒರಟು. ಅಷ್ಟೇ ಅಳತೆಗೆ ಹರಿದು, ಅದೇ ಮಡಿಕೆ ಮಡಚಿ, ಅರಿಷಿಣಕೊಂಬು, ಬೇವಿನ ಎಲೆ ಮೊದಲಿನ ಹಾಗೆಯೇ ಇಟ್ಟು ನೆಲುವಿಗೆ ಸೇರಿಸಿದ. ಇದು ಯಾವ ಊರಿನ, ಯಾರ ಸೆರಗು ಎಂದು ನೆನಪು ಮಾಡಿಕೊಳ್ಳಲು ಹೋಗಿ ಸುಮ್ಮನಾದ.

ಯಮನವ್ವನ ತುಂಡಿಗೆ ಕತ್ತರಿ ಹಾಕಿದಾಗ ಸಪ್ಪಳವೇ ಆಗಲಿಲ್ಲ. ಅಷ್ಟು ಹಳೆಯದಾಗಿತ್ತು ಅದು.

ಪಾರವ್ವನಿಗೆ ಹೆಣ್ಣು ಕೂಸು ಹುಟ್ಟಿತು. ಒಳಗಿನಿಂದ ಅಳು ಕೇಳುವ ತನಕ ವೀರಪ್ಪ ಪಡಸಾಲೆಯಲ್ಲಿ ನಿಂತೇ ಇದ್ದ. ಅಳು ಕೇಳಿದ ಮೇಲೂ ಕೂರಲಾಗಲಿಲ್ಲ. ಅದು ನಿಂತುಹೋದರೆ ಎಂದು ಕಿವಿಗೊಟ್ಟ. ಒಂದು ದಿನ, ಒಂದು ವಾರ ಹಾಗೆಯೇ ಕಿವಿಗೊಟ್ಟ. ಕೂಸು ಹಾಲು ಹಿಡಿಯಿತು. ಮುಷ್ಟಿ ಕಟ್ಟಿ ಓಣಿಗೆಲ್ಲ ಕೇಳುವಂತೆ ಅತ್ತಿತು. ಪಾರವ್ವ ಅಂಟಿನುಂಡೆ ತಿನ್ನುತ್ತ ದುಂಡಗಾದಳು.

"ಯಮನವ್ವಾಯಿ ಸೆರಗ ಸುಳ್ಳಾಗೂದಿಲ್ಲ," ಎಂದಳು ಕಾಶೆವ್ವ.

ತೊಟ್ಟಿಲಿಗೆ ಹಾಕಿದ ದಿನ ಕೂಸಿಗೆ ಯಮನವ್ವ ಎಂದೇ ಹೆಸರಿಟ್ಟರು. ಸೋದರಮಾವ ವೀರಪ್ಪನೇ ಕೂಸಿನ ಕಿವಿಯಲ್ಲಿ ಆ ಹೆಸರು ಹೇಳಬೇಕಾಯಿತು.

"ಜೋರ್ ಹೇಳೋ," ಎಂದು ಹೆಂಗಸರು ನಕ್ಕರು. "ಮಾವನ ದನಿ ಎಲ್ಲಿ ಹೋತು? ಮಷೀನಿಗೆ ಸಿಕ್ಕೊಂಡತೇನು?"

ಹುಕ್ಕೇರಿಯಲ್ಲಿ ದೀಪ ಹಚ್ಚಿದ ಸಂಜೆ ದಿವಾಣಖಾನೆಯಲ್ಲಿ ನಾಲ್ಕಾರು ದೊಡ್ಡವರು ಕೂತಿದ್ದರು. ಅಣ್ಣಾಸಾಹೇಬರು ತಾವೇ ಎದ್ದು ಮುಸುಕನ್ನು ದೀಪದ ಮೇಲೆ ಕೂಡಿಸಿದರು. ಬಾಗಿಲಿಗೆದುರಿನ ಕೆಂಪು ಹೊಸ್ತಿಲ ತನಕ ಚಾಚಿತು. ಎಲ್ಲರ ಕಣ್ಣೂ ಅದರ ಹಿಂದೆ ಹೋಯಿತು.

ಒಳಬಾಗಿಲಲ್ಲಿ ನಿಂತಿದ್ದ ವಕೀಲರ ಹೆಂಡತಿ ಗೌರಕ್ಕ ನಕ್ಕುಬಿಟ್ಟಳು. "ಇದೇನ್ರಿ, ದೀಪಕ್ಕ ಕುಲಾವಿ ಹಾಕ್ಯಾರಲ್ಲ! ಕೂಸಿಗೆ ಹಾಕಿದ್ಹಾಂಗ ಐತಿ."

"ಈ ಕೆಂಪು ಎಲ್ಲಿ ಸಿಕ್ಕತೋ ವೀರಪ್ಪಾ?" ಎಂದರು ಅಣ್ಣಾಸಾಹೇಬರು.

"ಹಳೇದ್ರಿ," ಎಂದ ವೀರಪ್ಪ. "ಹಳೇದರಾಗ ಸಿಗತೈತ್ರಿ."

ಅಂದು ಅವನಿಗೆ ಸಂತೋಷವಾಗಿತ್ತು. ಕೂಸು ಆರಾಮವಾಗಿತ್ತು, ದೀಪ ಚೆಂದವಾಗಿತ್ತು. ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ.

ತುಂಡು ಮರಳಿಸುವ ದಿನ ಬಂದಿತು. ಮೂಡಲಗಿಯ ಸಾತವ್ವನ ಸೊಸೆಗೆ ದಿನ ಹತ್ತಿರವಾಗಿತ್ತು, ಹೇಳಿ ಕಳಿಸಿದ್ದರು. ಕಾಶೆವ್ವನಿಗೆ ಬಾಣಂತಿಯನ್ನು ಬಿಟ್ಟು ಏಳುವಂತಿರಲಿಲ್ಲ.

"ನೀನಽ ಮುಟ್ಟಿಸಿ ಬಾ," ಎಂದಳು ಮಗನಿಗೆ. "ದಾರ್ಯಾಗ ಎಲ್ಲೂ ನೆಲಕ್ಕ ಇಡಬ್ಯಾಡ."

ಅವನು ಸರ್ವಿಸ್ ಮೋಟಾರಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೋದ. ದಾರಿಯುದ್ದಕ್ಕೂ ಅದನ್ನು ನೆಲಕ್ಕಿಡಲಿಲ್ಲ. ಸುಳ್ಳು ತುಂಡಿಗೆ ತಾನು ಯಾಕೆ ಇಷ್ಟು ಮರ್ಯಾದೆ ಕೊಡುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ.

ಸಾತವ್ವ ಗಟ್ಟಿ ಹೆಂಗಸು, ಮಾತು ಬಿರುಸು. ಉಡಿಯನ್ನು ಎರಡೂ ಕೈಯಿಂದ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಸೊಸೆ ತಾಯವ್ವ ನೀರಿನ ತಂಬಿಗೆ ತಂದಿಟ್ಟು ಬಾಗಿಲ ಮರೆಯಲ್ಲಿ ನಿಂತಳು. ತೀರ ಚಿಕ್ಕ ಪ್ರಾಯದವಳು, ಕಲ್ಲೋಳಿಯ ಹುಡುಗಿ. ಅತ್ತೆ ಮಡಿಕೆಯನ್ನು ಎತ್ತಿಡಲು ಒಳಗೆ ಹೋದದ್ದನ್ನು ನೋಡಿ ಮೆಲ್ಲಗೆ ಕೇಳಿದಳು.

"ಅಣ್ಣಾ, ನಿಮ್ಮ ಕೂಸು ಹೆಂಗೈತ್ರಿ?"

"ಆರಾಮ ಐತ್ರಿ."

"ಅಳತೈತೇನ್ರಿ?"

"ಓಣಿ ಎಬ್ಬಸತೈತಿ."

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಸೆರಗ ಬಂತು ಅಂದ್ರ ನನಗ ಅಂಜಿಕಿ ಹೋತ್ರಿ."

ವೀರಪ್ಪ ನೀರು ಕುಡಿದು ಎದ್ದುಬಂದ.

ಆಮೇಲೆ ಬಂದ ಸುದ್ದಿಯನ್ನು ಕಾಶೆವ್ವ ಸಂತೆಯಿಂದ ತಂದಳು. ತಾಯವ್ವನ ಗಂಡುಕೂಸು ಹುಟ್ಟಿ ವಾರದೊಳಗೆ ಬಾಯಿ ಕಚ್ಚಿಕೊಂಡು, ಬೆನ್ನು ಬಿಲ್ಲಾಗಿ ಹೋಯಿತು. ಕಾಶೆವ್ವ ಕೊರಳಿನ ಬೆವರು ಒರೆಸುತ್ತ ಹೇಳುತ್ತಿದ್ದಳು. ಪಾರವ್ವ ತನ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತ ಕೇಳುತ್ತಿದ್ದಳು.

"ಆ ಹುಡುಗಿ ಏನೋ ತಪ್ಪ ಮಾಡ್ಯಾಳ," ಎಂದಳು ಕಾಶೆವ್ವ. "ನೆಲಕ್ಕ ಒಗದಾಳೋ, ಮೈಲಿಗಿ ಕೈಲೆ ಹಿಡದಾಳೋ. ಸಾತವ್ವ ಕೇಳಿ ಕೇಳಿ ಸಾಕಾಗ್ಯಾಳ. ಏನೂ ಮಾಡಿಲ್ಲ ಅಂತ ಒಂದಽ ಸವನ ಅಳತಾಳಂತ."

"ಮಾಡದಽ ಹೆಂಗಾದೀತಬೇ?" ಎಂದಳು ಪಾರವ್ವ. "ಸೆರಗ ಅದಽ. ನನ್ನ ಕೂಸು ಇಲ್ಲೇ ಐತಿ ನೋಡು."

"ಕಲ್ಲೋಳಿಗೆ ಕಳಿಸಿಬಿಡ್ತಾಳಂತ. ಮಗಗ ಬ್ಯಾರೆ ಕಡೆ ಹೆಣ್ಣ ನೋಡಾಕತ್ತಾಳ."

ಮಷೀನಿನ ಗಾಲಿ ನಿಂತಿತು. "ಸೀರಿ ತುಂಡಿನಿಂದ ಏನೂ ಆಗೂದಿಲ್ಲ," ಎಂದ ವೀರಪ್ಪ. ದನಿ ತಾನು ಎಣಿಸಿದ್ದಕ್ಕಿಂತ ಜೋರಾಗಿ ಬಂದಿತು. "ಆ ಹುಡುಗಿ ಏನ್ ಮಾಡ್ಯಾಳ ಪಾಪ!"

"ಏನೂ ಆಗೂದಿಲ್ಲ ಅಂದ್ರ ಇದು ಹೆಂಗ ಉಳೀತು?" ಎಂದು ಪಾರವ್ವ ಕೂಸನ್ನು ಎತ್ತಿ ಅವನ ಕಡೆ ತಿರುಗಿಸಿದಳು. "ಹೇಳೋ ಶಾಣ್ಯಾ. ನನ್ನ ಎರಡು ಯಾಕ ಹೋದುವು, ಇದು ಯಾಕ ಉಳೀತು?"

ಎಣ್ಣೆಯಲ್ಲಿ ಮಿಂಚುತ್ತಿದ್ದ ಕೂಸು ಮಾವನನ್ನು ಗುರುತಿಸಿ ಕಾಲು ಬಡಿಯಿತು.

ಅವನಿಗೆ ಉತ್ತರ ಗೊತ್ತಿತ್ತು. ನಿನ್ನ ಕೂಸನ್ನು ಹಿಡಿದದ್ದೂ ಅದೇ ಸುಳ್ಳು ತುಂಡಿನಲ್ಲಿ, ಎಂದರೆ ಮುಗಿಯಿತು. ಆದರೆ ಆ ಮಾತು ಅಕ್ಕನ ಕಿವಿಗೆ ಬಿದ್ದ ಮೇಲೆ ಏನಾಗುತ್ತದೆ ಎನ್ನುವುದೂ ಗೊತ್ತಿತ್ತು. ಅವಳು ತುಂಡು ಸುಳ್ಳೆಂದು ತಿಳಿಯುವುದಿಲ್ಲ. ಕೂಸು ಸುಳ್ಳೆಂದು ತಿಳಿಯುತ್ತಾಳೆ. ಇವತ್ತು ಹೋಗುತ್ತದೆ, ನಾಳೆ ಹೋಗುತ್ತದೆ ಎಂದು ಕೂಸಿನ ಮೂಗಿನ ಹತ್ತಿರ ಕೈ ಹಿಡಿಯುತ್ತ ಕೂಡುತ್ತಾಳೆ. ಪ್ರತಿ ಕೆಮ್ಮಿಗೂ ಸಾಯುತ್ತಾಳೆ. ಸುಮ್ಮನಿದ್ದರೆ, ಏನೂ ಮಾಡದ ಒಬ್ಬಳು ಕೂಸಿನೊಂದಿಗೆ ಗಂಡನನ್ನೂ ಕಳೆದುಕೊಳ್ಳುತ್ತಾಳೆ.

ಅವನು ಹುಕ್ಕೇರಿಗೆ ಹೋದ. ಓದಿದವರು ಏನಾದರೂ ದಾರಿ ಹೇಳಿಯಾರು ಎನ್ನಿಸಿತ್ತು.

ಅಣ್ಣಾಸಾಹೇಬರು ಎಲ್ಲವನ್ನೂ ಕೇಳಿ ಕುರ್ಚಿಯಿಂದ ಅರ್ಧ ಎದ್ದರು. "ಅಲ್ಲೋ ಹುಚ್ಚಾ, ಇದರಷ್ಟು ಚೊಲೋ ಪುರಾವೆ ಎಲ್ಲಿ ಸಿಗತೈತಿ? ತುಂಡು ಒಂದಽ, ಒಂದ ಕೂಸು ಉಳೀತು, ಒಂದು ಹೋತು. ಹೋಗಿ ಚಾವಡಿ ಮುಂದ ನಿಂತು ಹೇಳು. ಮಂದೀ ಕಣ್ಣು ತೆರೀಲಿ. ಹೊಕ್ಕುಳ ಎದರ್ಲೆ ಕೊಯ್ದಿದ್ರು, ಕೇಳಿದೇನು?"

"ಕುಡಗೋಲಿನಿಂದ ಅಂತ್ರಿ."

"ನೋಡು! ಧನುರ್ವಾಯು ಅದು. ಜಂಗ ಹಿಡದ ಕುಡಗೋಲು, ಹೊಲಸ ಅರಿವಿ, ಇವುಗಳಿಂದ ಬರತೈತಿ. ಸೆರಗಿನ ಮಹಿಮಾ ಅಲ್ಲ, ಏನಲ್ಲ."

"ಹೊಲಸ ಅರಿವಿಯಿಂದೂ ಬರತೈತೇನ್ರಿ?"

"ಬರತೈತಿ ಮತ್ತ. ಗಾಯಕ್ಕ ಮುಟ್ಟಿದ್ರ ಬರತೈತಿ."

ಗಂಟು ವೀರಪ್ಪನ ಕಣ್ಣ ಮುಂದೆ ಬಂದಿತು. ಯಾರ ಮನೆಯದೆಂದು ಕೇಳದೆ, ಯಾವ ಮೂಲೆಯಲ್ಲಿ ಬಿದ್ದಿತ್ತೆಂದು ನೋಡದೆ ತುಂಬಿದ ಗಂಟು. ಯಮನವ್ವನ ತುಂಡನ್ನು ಒಂದು ಓಣಿಯ ಹೆಂಗಸರು ಹೊಳೆಯಲ್ಲಿ ತೊಳೆದು, ಬೇವಿನೆಲೆ ಇಟ್ಟು, ನೆಲಕ್ಕೆ ತಾಗಿಸದೆ ಕಾದಿದ್ದರು. ಅವನು ಕೊಟ್ಟದ್ದನ್ನು ಯಾರು ಕಾದಿದ್ದರು? ತಾಯಿ ಅದನ್ನು ಒಮ್ಮೆ ಒಗೆದಿದ್ದಳು ಎನ್ನುವುದನ್ನು ಹಿಡಿದುಕೊಳ್ಳಲು ನೋಡಿದ. ಆದರೆ ಮಾತು ಒಳಗೆ ಇಳಿದಾಗಿತ್ತು. ಇನ್ನು ಅವನು ಅಕ್ಕನಂತೆ ನಂಬಿದರೂ ತಪ್ಪು ಅವನದೇ, ವಕೀಲರಂತೆ ನಂಬಿದರೂ ತಪ್ಪು ಅವನದೇ ಆಗಬಹುದು.

ಗೌರಕ್ಕ ಒಳಬಾಗಿಲಲ್ಲಿ ಯಾವಾಗಿನಿಂದ ನಿಂತಿದ್ದಳೋ. ದೀಪದ ಎಣ್ಣೆ ನೋಡಲು ಬಂದವಳು ಮುಸುಕಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಇದಽ ಏನಪ್ಪಾ ಆ ಸೆರಗು?"

"ಹೌದ್ರಿ."

"ಪುರಾವಿ ಅಂತ!" ಎಂದು ಗಂಡನ ಕಡೆ ತಿರುಗಿದಳು. "ಕೂಸಿಗೆ ಮಣ್ಣ ಕೊಟ್ಟಾಕಿ ಮುಂದ ನಿಮ್ಮ ಪುರಾವಿ ಒಯ್ದ ಇಡ್ರಿ, ತಗೋತಾಳ." ಆಮೇಲೆ ಮುಸುಕನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಿ ವೀರಪ್ಪನ ಕೈಗಿಟ್ಟಳು. "ಒಯ್ಯಪ್ಪಾ ನೀ. ನಾ ಇದನ್ನ ಹಚ್ಚಾಂಗಿಲ್ಲ ಇನ್ನ."

ಮಾರನೆಯ ದಿನ ಮೂಡಲಗಿಯಲ್ಲಿ ಮೋಟಾರಿನಿಂದ ಇಳಿಯುವ ತನಕ ವೀರಪ್ಪ ಖರೆಯನ್ನೇ ಹೇಳಬೇಕೆಂದಿದ್ದ. ಮಾತುಗಳನ್ನು ಜೋಡಿಸಿಕೊಂಡಿದ್ದ. ಸಾತವ್ವನ ಮನೆಯ ಮುಂದೆ ಚಕ್ಕಡಿ ನಿಂತಿತ್ತು. ಕಟ್ಟೆಯ ಮೇಲೆ ತಾಯವ್ವ ಒಂದು ಗಂಟು ಬಾಜೂಕ್ಕಿಟ್ಟುಕೊಂಡು ಕೂತಿದ್ದಳು. ಎದೆ ಬಿಗಿದು ಬಟ್ಟೆ ಕಟ್ಟಿದ್ದರು. ಹಾಲು ಅದರ ಮೇಲೂ ಒಸರಿತ್ತು. ಅವಳ ಅಣ್ಣ ಮಾಳಪ್ಪ ಎತ್ತಿನ ಕೊರಳ ಹಗ್ಗ ಬಿಗಿಯುತ್ತಿದ್ದ. ಕಲ್ಲೋಳಿಯಿಂದ ಅವಳನ್ನು ಒಯ್ಯಲು ಬಂದಿದ್ದ.

ಸಾತವ್ವ ಬಾಗಿಲಿಗೆ ಬಂದಳು. "ಬಾ ತಮ್ಮಾ. ನಿಮ್ಮ ಕೂಸು ಆರಾಮ ಐತೆಲ್ಲ?"

"ಐತ್ರಿ."

"ಇರತೈತಿ ಬಿಡು. ನಿಮ್ಮ ಅಕ್ಕ ಸೆರಗಿನ ಮರ್ಯಾದಿ ಕಾದಾಳ. ಎಲ್ಲಾರಿಗೂ ಎಲ್ಲಿ ಆ ಬುದ್ಧಿ ಬರಬೇಕು?" ಕಡೆಯ ಮಾತು ಕಟ್ಟೆಯ ಕಡೆಗೆ ಹೋಯಿತು. ತಾಯವ್ವ ತಲೆ ಎತ್ತಲಿಲ್ಲ.

ವೀರಪ್ಪ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅಕ್ಕನ ಕೂಸಿನ ಎಣ್ಣೆ ಹಚ್ಚಿದ ಸಣ್ಣ ಕಾಲುಗಳು ಕಣ್ಣ ಮುಂದೆ ಕಂಡವು.

"ನಮ್ಮ ಕೂಸಿಗೆ ಇದ್ದದ್ದು ಯಮನವ್ವಾಯಿ ಸೆರಗಽ ರಿ," ಎಂದ. "ನಿಮ್ಮ ಮನಿಗೆ ನಾ ತಂದ ಕೊಟ್ಟದ್ದು ಅದಲ್ಲ."

"ಏನಂದಿ?"

"ಇಲ್ಲಿಗೆ ತರೂ ಮುಂದ ಬದಲ ಮಾಡಿದೆ. ನಮ್ಮವ್ವಗ ಗೊತ್ತಿಲ್ಲ, ಅಕ್ಕಗ ಗೊತ್ತಿಲ್ಲ. ನಿಮಗ ನನ್ನ ಗಂಟಿನಾಗಿನ ತುಂಡು ಕೊಟ್ಟೆ. ಅದು ಯಾರದಂತ ನನಗೂ ಗೊತ್ತಿಲ್ಲ. ನಿಮ್ಮ ಸೊಸಿ ಏನೂ ತಪ್ಪ ಮಾಡಿಲ್ರಿ."

ಚೀಲದಿಂದ ಮುಸುಕನ್ನು ತೆಗೆದ. ಬಿಸಿಲಲ್ಲಿ ಅದು ತಂತಿ ಬಗ್ಗಿದ, ಅಂಟು ಬಿರಿದ, ಯಾವುದಕ್ಕೂ ಬಾರದ ವಸ್ತುವಾಗಿ ಕಂಡಿತು. ಸಾತವ್ವ ಬಗ್ಗಿ ಕೆಂಪು ಪಕಳೆಯ ಮೇಲೆ ಬೆರಳಾಡಿಸಿದಳು. ಹುಣಸೆ ಬೀಜದ ಅಂಟಿನಿಂದ ಗಡುಸಾಗಿದ್ದರೂ ತೆನೆಗಳ ಹತ್ತಿರ ಬಂದಾಗ ಬೆರಳು ನಿಂತಿತು. ಒಳಗೆ ಹೋಗಿ ಸುಳ್ಳು ತುಂಡನ್ನು ತಂದು ಎರಡನ್ನೂ ಪಕ್ಕಪಕ್ಕದಲ್ಲಿ ಹಿಡಿದಳು.

"ಎದಕ್ಕ ಮಾಡಿದಿ?" ಎಂದಳು. ಅವಳ ದನಿಯಲ್ಲಿ ಬಿರುಸಿರಲಿಲ್ಲ.

"ಒಂದು ದೀಪಕ್ಕ ಬೇಕಾಗಿತ್ರಿ. ಬಣ್ಣ ಚೆಂದಿತ್ತು."

ಮಾಳಪ್ಪ ಹಗ್ಗ ಬಿಟ್ಟು ಬಂದು ಅವನ ಅಂಗಿಯ ಕೊರಳು ಹಿಡಿದ. "ದೀಪಕ್ಕಽ? ನಮ್ಮ ತಂಗಿ ಮನಿ ದೀಪ ಆರಿಸಿ ನೀ ದೀಪಕ್ಕ ಅರಿವಿ ಹೊಲದೇನಲೇ ಬಾಡ್ಯಾ?" ಗುಂಡಿಗಳು ಕಿತ್ತು ಬಿದ್ದವು. ವೀರಪ್ಪ ಕೈ ಎತ್ತಲಿಲ್ಲ. ಹೊಡೆದರೆ ಒಳ್ಳೆಯದು ಎನ್ನಿಸಿತು. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಆ ಹೊತ್ತಿನಲ್ಲಿ ಅನ್ನಿಸಲಿಲ್ಲ.

"ಬಿಡೋ ಮಾಳಪ್ಪಾ," ಎಂದಳು ಸಾತವ್ವ. ಕಟ್ಟೆಗೆ ಹೋಗಿ ಸೊಸೆಯ ಗಂಟನ್ನು ತಾನೇ ಎತ್ತಿ ಬಗಲಿಗಿಟ್ಟುಕೊಂಡಳು. ಸೊಸೆಯ ಮುಖ ನೋಡಲಿಲ್ಲ. "ಚಕ್ಕಡಿ ಕೊಳ್ಳ ಹರದ ಎತ್ತ ಬಿಚ್ಚು. ಊಟ ಮಾಡಿ ಹೋಗೀಯಂತ. ಏಳವ್ವಾ, ಒಳಗ ನಡಿ."

ತಾಯವ್ವ ಎದ್ದಳು. ಒಳಗೆ ಹೋಗಲಿಲ್ಲ, ವೀರಪ್ಪನ ಮುಂದೆ ಬಂದು ನಿಂತಳು. ಅತ್ತೆಯ ಎದುರು ತಲೆಗೆ ಸೆರಗು ಹೊದೆಯುವುದನ್ನೂ ಮರೆತಿದ್ದಳು. ಅವನು ಅವಳಿಂದ ಏನನ್ನು ಬಯಸಿದ್ದನೋ ಅವನಿಗೂ ತಿಳಿಯದು. ಅವಳ ಕಣ್ಣಲ್ಲಿ ಅದು ಇರಲಿಲ್ಲ.

"ನಿಮಗ ಅಣ್ಣಾ ಅಂದಿದ್ದೆ," ಎಂದಳು. "ಕೂಸು ಹೆಂಗೈತಿ ಅಂತ ಕೇಳಿದ್ದಿಲ್ಲೇನ್ರಿ ನಾ? ಅವಾಗರ ಹೇಳಬಾರದಾಗಿತ್ತಽ? ನನ್ನ ಕೂಸು ಇನ್ನೂ ಹೊಟ್ಟ್ಯಾಗಽ ಇತ್ತಲ್ರಿ."

ಈ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅವನು ಕಟ್ಟಿದ ಸುಳ್ಳಿನೊಳಗಿನಿಂದ ಅದೊಂದೇ ಖರೆ ಎದ್ದುಬಂದು ಎದುರಿಗೆ ನಿಂತಿತ್ತು.

ಅವಳು ಮುಸುಕನ್ನು ಅವನ ಕೈಯಿಂದ ಕಿತ್ತುಕೊಂಡು ಒಳಗೆ ಹೋದಳು. ಸುಳ್ಳು ತುಂಡನ್ನು ಸಾತವ್ವ ಅವನ ಕಾಲ ಬುಡಕ್ಕೆ ಎಸೆದಳು. ಮಡಿಕೆ ಸೇರಿದ ಮೇಲೆ ಅದು ನೆಲಕ್ಕೆ ಬಿದ್ದದ್ದು ಅದೇ ಮೊದಲು.

ಸುದ್ದಿ ಗೋಕಾಕಕ್ಕೆ 'ಸಿಂಪಿಗರ ವೀರಪ್ಪ ಕೂಸು ಕೊಂದ' ಎಂದು ಬಂದಿತು. ಕಾಶೆವ್ವ ಬೈಯಲಿಲ್ಲ. ರೊಟ್ಟಿಯನ್ನು ತಟ್ಟೆಗೆ ಹಾಕಿ ಇಟ್ಟು, ಅವನು ಉಣ್ಣುವಾಗ ಹಿತ್ತಲಿಗೆ ಎದ್ದು ಹೋಗತೊಡಗಿದಳು. ಕುಬಸ ಹೊಲಿಸಲು ಯಾರೂ ಬರಲಿಲ್ಲ. ಬಂದವರು ತಮ್ಮ ಹಳೆಯ ಸೀರೆ ಮರಳಿ ಒಯ್ಯಲು ಬಂದರು. ಕಲ್ಲೋಳಿಯಿಂದಲೂ ಬಂದರು. ಗಂಟು ಬಿಚ್ಚಿ ಪಡಸಾಲೆಯಲ್ಲಿ ಹರವಿದರೆ ಒಬ್ಬೊಬ್ಬಳೂ ಬಗ್ಗಿ, ತಡಕಾಡದೆ, ತನ್ನದನ್ನು ಎತ್ತಿಕೊಂಡಳು.

"ಇದು ನಮ್ಮ ಅತ್ತೀದು. ಇಲ್ಲಿ ಕೆಂಡ ಸಿಡದ ತೂತ ನೋಡು."

"ನನ್ನ ಮದವಿ ಕುಬಸ ಇದು, ತೋಳ ಕತ್ತರಿಸಿಬಿಟ್ಟಾನ ಭಾಡಕೋವ."

ಅವನು ಬಣ್ಣವನ್ನಷ್ಟೇ ಕಂಡಿದ್ದ ರಾಶಿಯಲ್ಲಿ ಅವರಿಗೆ ಮುಖಗಳು ಕಾಣುತ್ತಿದ್ದವು. ನೆಲ ಬರಿದಾದಾಗ, ಸಾತವ್ವ ಎಸೆದ ಮೇಲೆ ಅವನು ಮೂಡಲಗಿಯಿಂದ ಹೆಕ್ಕಿ ತಂದಿದ್ದ ಸುಳ್ಳು ತುಂಡೊಂದೇ ಉಳಿಯಿತು. ಬಂದವರೆಲ್ಲ ಅದನ್ನು ಎತ್ತಿ ನೋಡಿ ಇಟ್ಟರು. ಅದು ಯಾರದೂ ಅಲ್ಲವೆಂದರು.

ಗಂಡನ ಮನೆಗೆ ಹೊರಡುವ ದಿನ ಪಾರವ್ವ ಮಷೀನಿನ ಹತ್ತಿರ ಬಂದಳು. ಬಹಳ ದಿನಗಳಿಂದ ಅವನೊಂದಿಗೆ ಮಾತಾಡಿರಲಿಲ್ಲ. ಕೂಸು ಅವಳ ಬಗಲಲ್ಲಿತ್ತು, ಮಾವನ ಕೊರಳಲ್ಲಿ ತೂಗುತ್ತಿದ್ದ ಅಳತೆಯ ಟೇಪಿಗೆ ಕೈ ಚಾಚುತ್ತಿತ್ತು.

"ಒಂದ ಕೇಳತೀನಿ. ಬಸವಣ್ಣನ ಆಣಿ ಮಾಡಿ ಹೇಳು," ಎಂದಳು. "ನನ್ನ ಕೂಸಿನ ಹೊತ್ತಿನ್ಯಾಗ ಯಮನವ್ವಾಯಿ ಸೆರಗಽ ಇತ್ತೆಲ್ಲ?"

ಕೂಸಿಗೆ ಟೇಪಿನ ತುದಿ ಸಿಕ್ಕಿತ್ತು. ಅದನ್ನು ಬಾಯಿಗೆ ಎಳೆದುಕೊಳ್ಳುತ್ತಿತ್ತು.

"ಬಸವಣ್ಣನ ಆಣಿ," ಎಂದ ವೀರಪ್ಪ. "ಅದಽ ಇತ್ತು."

ಪಾರವ್ವ ಉಸಿರು ಬಿಟ್ಟಳು. ಅಷ್ಟು ದಿನ ಹಿಡಿದಿದ್ದಳೆಂದು ಆಗ ತಿಳಿಯಿತು. ಕೂಸಿನ ಮುಷ್ಟಿ ಬಿಚ್ಚಿ, ಟೇಪನ್ನು ಅದರ ಬೆರಳುಗಳಿಂದ ಒಂದೊಂದಾಗಿ ಬಿಡಿಸಿ ಕೆಳಗೆ ಬಿಟ್ಟಳು. ಆಮೇಲೆ ಅವನ ಟೇಪು ಮುಟ್ಟಿದ್ದ ಆ ಸಣ್ಣ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು.